ದೊಡ್ಡದೇ ಇರಲಿ ಎಂದವನು

ಅಕ್ಕ, ಆ ರಿವಾಲ್ವರನ್ನು ಆರಿಸಿದ್ದು ಭಾವನಲ್ಲ, ನಾನು. ಸಣ್ಣದು ಸಾಕು ಎಂದು ಅವರು ಹೇಳಿದ್ದರು. ದೊಡ್ಡದೇ ಇರಲಿ ಎಂದವನು ನಾನು. ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದವನೂ ನಾನೇ.

ಇದನ್ನು ಎಲ್ಲಿಂದ ಹೇಳಲಿ? ನೀನು ಮಣಿಪಾಲಕ್ಕೆ ಬಂದ ದಿನದಿಂದಲೇ ಹೇಳುತ್ತೇನೆ. ಕಾಪುವಿನಲ್ಲಿ ಭಾವನ ಪೆಟ್ರೋಲ್ ಬಂಕು ಆಗ ಚೆನ್ನಾಗಿ ನಡೆಯುತ್ತಿತ್ತು. ಹಣದ ಚೀಲ ಹಿಡಿದು ಅವರೊಬ್ಬರೇ ಉಡುಪಿಯ ಬ್ಯಾಂಕಿಗೆ ಹೋಗುತ್ತಿದ್ದರು. ಹೆದ್ದಾರಿಯಲ್ಲಿ ಯಾರೋ ಗೋಡಂಬಿ ವ್ಯಾಪಾರಿಯನ್ನು ಅಡ್ಡಗಟ್ಟಿ ದೋಚಿದರೆಂಬ ಸುದ್ದಿ ಬಂದ ಮೇಲೆ ಅವರು ರಿವಾಲ್ವರಿಗೆ ಅರ್ಜಿ ಹಾಕಿದರು. ಮಂಗಳೂರಿಗೆ ಅಲೆದು ಅಲೆದು ಕೊನೆಗೂ ಲೈಸೆನ್ಸು ಸಿಕ್ಕಿತು. ಅದು ಸಿಕ್ಕಿದ ವಾರವೇ ನೀನು ನನ್ನ ಕ್ವಾರ್ಟರ್ಸಿಗೆ ಬಂದೆ. ಕೊಟ್ಟ ಚಹಾ ಮುಟ್ಟಲಿಲ್ಲ.

“ಆ ಹಾಳು ವಸ್ತು ಮನೆಗೆ ಬರುವುದೇ ನನಗೆ ಬೇಡ ರಘು. ಬರುವುದೇ ಆದರೆ ಎಲ್ಲದಕ್ಕಿಂತ ಸಣ್ಣದು ಬರಲಿ. ನೀನು ಹೇಳಿದರೆ ಅವರು ಕೇಳ್ತಾರೆ.”

“ನೀನು ಹೆದರಬೇಡ ಅಕ್ಕ. ನಾನು ಉಂಟಲ್ಲ” ಎಂದೆ.

ನಾನು ಹೇಳಿದರೆ ಭಾವ ಕೇಳುತ್ತಿದ್ದರು, ನಿಜ. ಕಾಲೇಜಿನಲ್ಲಿ ಪಾಠದ ಜೊತೆಗೆ ಎನ್‌ಸಿಸಿ ನೋಡಿಕೊಳ್ಳುತ್ತಿದ್ದೆನಲ್ಲ! ಆ ಖಾಕಿ ಯೂನಿಫಾರ್ಮಿನಲ್ಲಿ ನನ್ನನ್ನು ಕಂಡವರೆಲ್ಲ ನನಗೆ ಆಯುಧಗಳ ವಿಷಯ ಪೂರಾ ಗೊತ್ತು ಎಂದೇ ನಂಬಿದ್ದರು. ನಾನೂ ಹಾಗೆಯೇ ನಡೆದುಕೊಳ್ಳುತ್ತಿದ್ದೆ. ಕ್ಯಾಂಪುಗಳಲ್ಲಿ ಕಾಗದದ ಗುರಿಗೆ ರೈಫಲ್ಲಿನಿಂದ ಗುಂಡು ಹೊಡೆದದ್ದು ಬಿಟ್ಟರೆ — ಅಕ್ಕ, ಆ ದಿನದವರೆಗೆ ನಾನು ರಿವಾಲ್ವರನ್ನು ಕೈಯಲ್ಲಿ ಹಿಡಿದವನೇ ಅಲ್ಲ.

ಭಾವನ ಜೊತೆ ಉಡುಪಿಯ ಕೋವಿ ಅಂಗಡಿಗೆ ಹೋದೆ. ಅಲ್ಲಿ ಆಗ ಮಾರಾಟಕ್ಕೆ ಇದ್ದದ್ದು ಎರಡೇ, ಎರಡೂ ಯಾರೋ ಬಳಸಿ ಕೊಟ್ಟವು. ಒಂದು ಪಾಯಿಂಟ್ ಟ್ವೆಂಟಿ ಟೂ, ಇನ್ನೊಂದು ಪಾಯಿಂಟ್ ತರ್ಟಿ ಟೂ. ಅಂಗಡಿಯವರು ಎರಡರ ಕಾಡತೂಸುಗಳನ್ನೂ ಅಕ್ಕಪಕ್ಕ ನಿಲ್ಲಿಸಿ ತೋರಿಸಿದರು. ಒಂದು ಬಳಪದ ತುಂಡಿನಷ್ಟು ಸಪೂರ. ಇನ್ನೊಂದು ಕಿರುಬೆರಳಿನ ತುದಿಯಷ್ಟು ದಪ್ಪ. ಸಣ್ಣದು ಕೈಗೆ ಹಗುರ, ಹೊಡೆದರೆ ಕೈಯನ್ನು ಹಿಂದಕ್ಕೆ ಹೆಚ್ಚು ಒದೆಯುವುದಿಲ್ಲ. ದೊಡ್ಡದು ಕೈಯನ್ನೇ ಅದುರಿಸುತ್ತದೆ, ಆದರೆ ಪೆಟ್ಟು ಬಿದ್ದವನು ಅಲ್ಲಿಯೇ ನಿಲ್ಲುತ್ತಾನೆ — ಹೀಗೆಲ್ಲ ವಿವರಿಸಿದರು. ಭಾವ ಸಣ್ಣದನ್ನೇ ಎತ್ತಿಕೊಂಡರು.

“ಇದು ಸಾಕಲ್ವಾ ರಘು? ತೋರಿಸಿದರೆ ಓಡುವವನು ಓಡ್ತಾನೆ. ನನಗೆಂತ ಯುದ್ಧಕ್ಕೆ ಹೋಗ್ಲಿಕ್ಕುಂಟಾ?”

ನೀನು ಬಯಸಿದ್ದೂ ಅದನ್ನೇ. ನಾನು ತಲೆಯಾಡಿಸಿದ್ದರೆ ಸಾಕಿತ್ತು, ಅಷ್ಟೇ. ಆದರೆ ಅಂಗಡಿಯವರು, “ಸಾರ್ ಎನ್‌ಸಿಸಿ ಆಫೀಸರ್ ಅಲ್ವಾ, ಅವರು ಹೇಳಲಿ” ಎಂದರು. ಹಂದಿ ಓಡಿಸುವ ಕೋವಿಗೆ ಮದ್ದು ಕೊಳ್ಳಲು ಬಂದಿದ್ದ ಇಬ್ಬರು ಅಜೆಕಾರಿನವರು ನನ್ನತ್ತ ತಿರುಗಿದರು. ಅವರ ಎದುರು ಸಣ್ಣದು ಸಾಕು ಎನ್ನಲು ನನಗೆ — ಏನೆನ್ನಲಿ, ಆಗಲಿಲ್ಲ. ದೊಡ್ಡದನ್ನು ಕೈಗೆತ್ತಿಕೊಂಡು, ತೂಕ ನೋಡುವವನಂತೆ ನಟಿಸಿ, “ಟ್ವೆಂಟಿ ಟೂ ಹಕ್ಕಿ ಹೊಡೆಯಲಿಕ್ಕೆ ಸರಿ ಭಾವ. ಕೊಳ್ಳುವುದಾದರೆ ದೊಡ್ಡದೇ ಇರಲಿ” ಎಂದೆ.

ಭಾವ ಹಿಂದುಮುಂದು ನೋಡಿದರು. “ಅವಳು ಸಣ್ಣದು ಅಂದಿದ್ದಳು, ಮಾರಾಯ.”

“ಅಕ್ಕನಿಗೆ ಎಂತ ಗೊತ್ತು?”

ಹೀಗೆಂದೆ, ಅಕ್ಕ. ಆ ಇಬ್ಬರು ನಕ್ಕರು. ಭಾವ ಸಣ್ಣದನ್ನು ಕೆಳಗಿಟ್ಟರು.

ಮನೆಗೆ ಬಂದ ರಿವಾಲ್ವರನ್ನು ನೀನು ದೂರದಿಂದ ಒಮ್ಮೆ ನೋಡಿದೆ, ಅಷ್ಟೇ. ಎರಡರ ವ್ಯತ್ಯಾಸ ನಿನಗೆ ತಿಳಿಯುವಂತಿರಲಿಲ್ಲ. ನಾನು ಮಾತು ಉಳಿಸಿಕೊಂಡಿದ್ದೇನೆಂದು ನಂಬಿ, ಆ ದಿನ ನನಗೆ ಬಂಗುಡೆ ಹುರಿದು ಬಡಿಸಿದೆ. ನಾನೂ ಸುಮ್ಮನೆ ಉಂಡೆ.

ಮರುವರ್ಷದ ಆ ಮಧ್ಯಾಹ್ನ ನಡೆದದ್ದು ನನಗಿಂತ ನಿನಗೇ ಹೆಚ್ಚು ಗೊತ್ತು. ಬ್ಯಾಂಕಿನಿಂದ ಬಂದ ಭಾವ ಚಾವಡಿಯಲ್ಲಿ ಕುಳಿತು ಕಾಡತೂಸುಗಳನ್ನು ತೆಗೆಯುತ್ತಿದ್ದರು. ಎಲ್ಲವನ್ನೂ ತೆಗೆದಾಯಿತು ಎಂದುಕೊಂಡಿದ್ದರು. ಒಂದು ಒಳಗೇ ಉಳಿದಿತ್ತು. ಕಾಲೇಜಿನಿಂದ ಬಂದ ಶಶಿ ಅಪ್ಪನನ್ನು ಊಟಕ್ಕೆ ಕರೆಯಲು ಬಾಗಿಲಿಗೆ ಬಂದಳು. ಖಾಲಿಯೆಂದು ಅವರು ಟ್ರಿಗರ್ ಒತ್ತಿದ್ದೇ ಗುಂಡು ಅವಳ ಬಲ ಮೊಣಕೈಯನ್ನು ಹೊಕ್ಕಿತು.

ನಾನು ಆಸ್ಪತ್ರೆಗೆ ಓಡಿ ಬಂದಾಗ ಅವಳನ್ನು ಒಳಗೆ ಕರೆದೊಯ್ದಾಗಿತ್ತು. ಬಹಳ ಹೊತ್ತಿನ ನಂತರ ಡಾಕ್ಟರು ಹೊರಗೆ ಬಂದು, ಜೀವಕ್ಕೇನೂ ಭಯವಿಲ್ಲ, ಕೈ ಉಳಿಯುತ್ತದೆ, ಆದರೆ ಮೊಣಕೈ ಮೊದಲಿನಂತೆ ಮಡಚಲಿಕ್ಕಿಲ್ಲ ಎಂದರು. “ಸಣ್ಣ ಗುಂಡಾಗಿದ್ದರೆ ಮೂಳೆ ಇಷ್ಟು ಪುಡಿಯಾಗುತ್ತಿರಲಿಲ್ಲವೋ ಏನೋ. ಇದು ದೊಡ್ಡದು” ಎಂದರು. ನೀನು ಥಟ್ಟನೆ ನನ್ನತ್ತ ತಿರುಗಿದೆ.

“ದೊಡ್ಡದಾ? ನೀನು ಸಣ್ಣದು ಅಂತ ಹೇಳಿದ್ದಿ ಅಲ್ವಾ ರಘು?”

ಭಾವ ಅಲ್ಲೇ ಬೆಂಚಿನ ಮೇಲಿದ್ದರು. ಅಂಗಿಯ ತುಂಬ ಮಗಳ ರಕ್ತ.

“ಹೇಳಿದ್ದೆ ಅಕ್ಕ. ಭಾವ ಕೇಳಲಿಲ್ಲ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ — ನಾನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನೋಡಿದರು. ಮತ್ತೆ ತಲೆ ತಗ್ಗಿಸಿದರು. ನೀನು ಅವರ ಪಕ್ಕದಿಂದ ಎದ್ದು ಬಂದು ನನ್ನ ಹೆಗಲಿಗೆ ಒರಗಿ ಅತ್ತೆ.

ಆಮೇಲಿನ ವರ್ಷಗಳು… ಶಶಿಗೆ ತನ್ನ ಜಡೆ ತಾನು ಹೆಣೆದುಕೊಳ್ಳಲು ಆಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ನೀನು ಹೆಣೆಯುತ್ತಿದ್ದೆ. ಚಾವಡಿಯಲ್ಲಿ ಪೇಪರು ಹಿಡಿದು ಕುಳಿತ ಭಾವನಿಗೆ ಕೇಳುವಂತೆ, “ರಘು ಅಂದೇ ಹೇಳಿದ್ದ. ಕೇಳುವ ಕಿವಿ ಬೇಕಲ್ಲ” ಎನ್ನುತ್ತಿದ್ದೆ. ರಜೆಯಲ್ಲಿ ಬಂದಾಗ ನಾನೇ ಕಿವಿಯಾರೆ ಕೇಳಿದ್ದೇನೆ. ಆಗಲೂ ಬಾಯಿ ಬಿಡಲಿಲ್ಲ.

ಒಮ್ಮೆ ಮಾತ್ರ, ಪೆಟ್ರೋಲ್ ಬಂಕಿನ ಆಫೀಸಿನಲ್ಲಿ ನಾವಿಬ್ಬರೇ ಇದ್ದಾಗ, “ಭಾವ, ಅಕ್ಕನಿಗೆ ನಿಜ ಹೇಳಿಬಿಡ್ತೇನೆ” ಎಂದೆ. ಅವರು ಹೊರಗೆ ಲಾರಿಗೆ ಡೀಸೆಲ್ ತುಂಬುವುದನ್ನೇ ನೋಡುತ್ತಿದ್ದರು.

“ಬೇಡ ರಘು. ಗುಂಡು ಹಾರಿದ್ದು ನನ್ನ ಕೈಯಿಂದಲೇ ಅಲ್ವಾ? ಅವಳಿಗೆ ತವರು ಅಂತ ಇರುವುದು ನೀನೊಬ್ಬ. ನೀನೂ ಹೋದರೆ ಅವಳಿಗೆ ಯಾರುಂಟು? ಸಿಟ್ಟು ಮಾಡ್ಲಿಕ್ಕೆ ನಾನಿದ್ದೇನಲ್ಲ.”

ನನಗೆ ಎಷ್ಟು ಹಗುರವಾಯಿತೆಂದರೆ — ಇದನ್ನು ಹೇಳುವುದು ಉಳಿದೆಲ್ಲಕ್ಕಿಂತ ಕಷ್ಟ, ಅಕ್ಕ — ಅಲ್ಲಿಂದ ಬಸ್ಸು ಹತ್ತುವಾಗ ನಾನು ಖುಷಿಯಲ್ಲಿದ್ದೆ. ಹೇಳಲು ಹೋದವನು ನಾನು, ತಡೆದವರು ಅವರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಸಣ್ಣ ಗುಂಡಾಗಿದ್ದರೆ ಶಶಿಯ ಮೊಣಕೈ ಮೊದಲಿನಂತೆ ಮಡಚುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಖಚಿತವಿರಲಿಲ್ಲ. ಆ ಲೆಕ್ಕವನ್ನು ಬಿಡುತ್ತೇನೆ; ಅದರ ಹಿಂದೆ ಅಡಗಿಕೊಳ್ಳಲಾರೆ. ವರಾಂಡದಲ್ಲಿ ಆಡಿದ ಸುಳ್ಳಿನ ಬಗ್ಗೆ ಯಾವ ಅನುಮಾನವೂ ಇಲ್ಲ.

ಭಾವನ ಕೊನೆಯ ತಿಂಗಳುಗಳಲ್ಲಿ ನೀನು ಅವರಿಗೆ ಹೊತ್ತುಹೊತ್ತಿಗೆ ಗಂಜಿ ಕೊಟ್ಟೆ, ಮದ್ದು ಕೊಟ್ಟೆ, ಬೆನ್ನು ಒರೆಸಿದೆ. ಒಂದು ಮಾತೂ ಆಡಲಿಲ್ಲ. ಅವರು ನಿನ್ನನ್ನೇ ನೋಡುತ್ತ ಮಲಗಿರುತ್ತಿದ್ದರು. ನಾನು ಮಂಚದ ಪಕ್ಕದಲ್ಲೇ ಕುಳಿತಿದ್ದೆ. ಆಗಲಾದರೂ… ಇಲ್ಲ. ಹೇಳಲಿಲ್ಲ.

ಮೊನ್ನೆ ಕಾರ್ಕಳಕ್ಕೆ ಹೋಗಿ ಶಶಿಗೆ ಎಲ್ಲವನ್ನೂ ಹೇಳಿದೆ. ಮಕ್ಕಳಿಗೆ ಪಾಠ ಮುಗಿಸಿ ಶಾಲೆಯಿಂದ ಆಗಷ್ಟೇ ಬಂದಿದ್ದಳು. ತನ್ನ ಕೈಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಮಾವ, ನೀವು ಹಾಗೆ ಹೇಳುವಾಗ ಅಪ್ಪ ಅಲ್ಲೇ ಇದ್ದರಾ?”

“ಇದ್ದರು.”

ಅವಳು ಎದ್ದು ಒಳಗೆ ಹೋದಳು. ನಾನು ಹೊರಟು ಮೆಟ್ಟಿಲಿಳಿಯುವಾಗ ಬಾಗಿಲಿಗೆ ಬಂದು, “ಅಮ್ಮನಿಗೆ ನಾನು ಹೇಳುವುದಿಲ್ಲ. ನೀವೇ ಹೇಳಬೇಕು” ಎಂದಳು.

ಆದ್ದರಿಂದ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಅವರ ಮೇಲೆ ಇಟ್ಟಿದ್ದ ಸಿಟ್ಟು ನನಗೆ ಸಲ್ಲಬೇಕಾದದ್ದು, ಅದನ್ನು ನಾನು ತೆಗೆದುಕೊಳ್ಳಬಲ್ಲೆ. ಆದರೆ ಅವರ ಹತ್ತಿರ ಕುಳಿತು ನೀನು ಆಡಬಹುದಾಗಿದ್ದ ಮಾತುಗಳು — ಅವನ್ನೂ ನಾನೇ ಕಸಿದುಕೊಂಡೆ. ಅವನ್ನು ನಿನಗೆ ಹಿಂದಕ್ಕೆ ಕೊಡುವ ದಾರಿ ನನಗೆ ತಿಳಿಯದು, ಅಕ್ಕ.