ಎಡಕ್ಕೆ ತಾನೇ? ರೈಟ್!

ಡ್ರೈವಿಂಗ್ ಸ್ಕೂಲಿನ ರೈಟಣ್ಣನಿಗೆ ಆ ಹೆಸರು ಬಂದದ್ದು ಹಿಂದಿನ ಕೆಲಸದಿಂದ. ಹರೆಯದಲ್ಲಿ ಅವನು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದ. ಹಿಂಬಾಗಿಲಲ್ಲಿ ನೇತಾಡುತ್ತಾ 'ರೈಟ್, ರೈಟ್!' ಎಂದು ಕೂಗಿದರೆ ಮುಂದೆ ಡ್ರೈವರ್ ಗೇರ್ ಹಾಕುತ್ತಿದ್ದ. ಅಷ್ಟು ದೊಡ್ಡ ಗಾಡಿ ತನ್ನ ಒಂದು ಮಾತಿಗೆ ಹೊರಡುತ್ತದಲ್ಲಾ ಎಂಬ ಖುಷಿಗೆ ಆ ಮಾತು ಅವನ ನಾಲಿಗೆಗೆ ಅಂಟಿಕೊಂಡುಬಿಟ್ಟಿತು. ಮಾಲೀಕ ಬಸ್ಸುಗಳನ್ನು ಮಾರಿ ಕೈತೊಳೆದುಕೊಂಡ ಮೇಲೆ ರೈಟಣ್ಣ ಕಾರು ಕಲಿಸುವ ಕೆಲಸ ಹಿಡಿದ. ಬಸ್ಸು ಹೋಯಿತು, ಮಾತು ಹೋಗಲಿಲ್ಲ.

ಊಟಕ್ಕೆ ಕರೆದರೆ ರೈಟ್. ಫೋನ್ ಇಡುವಾಗ ರೈಟ್. ಯಾರೋ ತೀರಿಕೊಂಡ ಸುದ್ದಿ ಹೇಳಿದರೂ ತಲೆ ತಗ್ಗಿಸಿ, ದನಿ ತಗ್ಗಿಸಿ, ರೈಟ್. ಅವನ ಮಟ್ಟಿಗೆ ಅದಕ್ಕಿದ್ದ ಅರ್ಥ ಒಂದೇ: ನೀವು ಹೇಳಿದ್ದು ಕೇಳಿಸಿತು, ಮುಂದುವರಿಸಿ.

ಅವನ ಹೆಂಡತಿ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯ ತುಂಬ ಬಟ್ಟೆಯ ಸುರುಳಿಗಳು, ನಡುವೆ ಹೊಲಿಗೆ ಮಷೀನು. ಒಮ್ಮೆ ಆಕೆಯ ತಾಯಿ ಬಂದು ಕೆಲವು ದಿನ ಉಳಿದಿದ್ದಳು. ಒಂದು ಮಧ್ಯಾಹ್ನ ರೈಟಣ್ಣ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಫ್ಯಾನ್ ರಿಪೇರಿ ಮಾಡುತ್ತಿದ್ದಾಗ ಅತ್ತೆ ನಿಟ್ಟುಸಿರು ಬಿಟ್ಟು, 'ನಾನಿಲ್ಲಿ ಇರೋದು ನಿಮಗೆ ಭಾರ ಆಯ್ತೇನೋ, ಅಳಿಯಂದಿರೇ' ಎಂದಳು.

ರೈಟಣ್ಣ ಮೇಲಿಂದಲೇ 'ರೈಟ್' ಎಂದ.

ಫ್ಯಾನ್ ತಿರುಗತೊಡಗುವ ಹೊತ್ತಿಗೆ ಅತ್ತೆ ಪೆಟ್ಟಿಗೆ ಕಟ್ಟಿ ಚಿಕ್ಕ ಮಗಳ ಮನೆಗೆ ಹೊರಟಾಗಿತ್ತು. ಹೆಂಡತಿ ಮುಖ ಊದಿಸಿಕೊಂಡಳು. 'ಸ್ಕ್ರೂ ಕಚ್ಚಿದ್ದೆ ಕಣೇ, ಏನಂದೆ ಅಂತ ನನಗೇ ಗೊತ್ತಿಲ್ಲ' ಎಂದು ಅವನು ಎಷ್ಟು ಅಲವತ್ತುಕೊಂಡರೂ ಕೇಳಲಿಲ್ಲ. ಕೊನೆಗೆ ತಾನೇ ಹೋಗಿ, ಅತ್ತೆ ಕೇಳಿದ್ದಕ್ಕೆಲ್ಲ ತುಟಿ ಬಿಗಿಹಿಡಿದು ಬರೀ ಕತ್ತು ಆಡಿಸಿ, ಆಕೆಯನ್ನು ಕರೆತರಬೇಕಾಯಿತು.

ಮನೆಯಲ್ಲಿ ಕತ್ತು ಆಡಿಸಿದರೆ ನಡೆಯುತ್ತದೆ. ಕಾರಿನಲ್ಲಿ ಕಲಿಯುವವರು ರಸ್ತೆ ನೋಡಬೇಕೇ ಹೊರತು ಕಲಿಸುವವನ ಕತ್ತು ನೋಡುವ ಹಾಗಿಲ್ಲ. ನಿಜವಾದ ಫಜೀತಿ ಶುರುವಾದದ್ದು ಅಲ್ಲೇ, ಟೀಚರಮ್ಮ ಸೇರಿದ ಮೇಲೆ.

ಟೀಚರಮ್ಮ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಅವರ ಗಂಡನಿಗೆ ಕಣ್ಣು ಮಂಜಾಗಿ ಮನೆಯ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಗಂಡ ಅದನ್ನು ಮಾರುವ ಮಾತೆತ್ತಿದ ದಿನವೇ ಟೀಚರಮ್ಮ ಚಪ್ಪಲಿ ಮೆಟ್ಟಿಕೊಂಡು ಬಂದು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಬೆನ್ನು ನೆಟ್ಟಗೆ ಮಾಡಿ, ಸ್ಟೀರಿಂಗನ್ನು ತಪ್ಪು ಮಾಡಿದ ಹುಡುಗನ ಕಿವಿಯ ಹಾಗೆ ಹಿಡಿದು ಕೂರುತ್ತಿದ್ದರು.

ಒಂದು ಬೆಳಿಗ್ಗೆ ನಾಲ್ಕು ರಸ್ತೆ ಕೂಡುವಲ್ಲಿ ಅವರು 'ಇಲ್ಲಿ ಎಡಕ್ಕೆ ತಾನೇ?' ಎಂದು ಕೇಳಿದರು.

'ರೈಟ್' ಎಂದ ರೈಟಣ್ಣ.

ಟೀಚರಮ್ಮ ವಿಧೇಯರಾಗಿ ಬಲಕ್ಕೆ ತಿರುಗಿಸಿದರು. ಬಲಕ್ಕೆ ಫರ್ನಿಚರ್ ಅಂಗಡಿ. ಅದರ ಬಾಗಿಲಲ್ಲಿ ಗಾಲಿ ಇದ್ದ ಹೊಸ ಸೋಫಾ, ಅದರ ಮೇಲೆ ಟೀ ಲೋಟ ಹಿಡಿದು ಕೂತ ಸೇಲ್ಸ್‌ಮನ್. ರೈಟಣ್ಣ ತನ್ನ ಕಾಲಡಿಯ ಬ್ರೇಕನ್ನು ಒತ್ತಿದನಾದರೂ ಕಾರಿನ ಮೂತಿ ಸೋಫಾಕ್ಕೆ ಮುತ್ತಿಟ್ಟೇ ನಿಂತಿತು. ಸೋಫಾ ಸೇಲ್ಸ್‌ಮನ್ ಸಮೇತ ಮೆಲ್ಲಗೆ ಹಿಂದಕ್ಕೆ ಉರುಳಿ ಅಂಗಡಿಯೊಳಗೆ ಹೋಗಿ ಒಂದು ಬೀರುವಿನ ಮುಂದೆ ನಿಂತುಕೊಂಡಿತು. ಟೀ ತುಳುಕಲಿಲ್ಲ.

'ನೀವೇ ರೈಟ್ ಅಂದ್ರಲ್ರೀ!' ಎಂದರು ಟೀಚರಮ್ಮ.

'ನೀವು ಎಡಕ್ಕೆ ತಾನೇ ಅಂದ್ರಿ. ಅದು ರೈಟ್ ಅಂದೆ.'

'ಹಾಗಾದ್ರೆ ಲೆಫ್ಟ್ ಅನ್ಬೇಕಿತ್ತು!'

'ಲೆಫ್ಟೇ ರೈಟ್ ಅಲ್ವೇನಮ್ಮಾ!'

ಒಳಗಿನಿಂದ ಸೇಲ್ಸ್‌ಮನ್ ಕೂಗಿದ: 'ನಾನೀಗ ಎದ್ದೇಳ್ಬಹುದಾ?'

'ರೈಟ್!' ಎಂದರು ಇಬ್ಬರೂ ಒಟ್ಟಿಗೆ.

ಸ್ಕೂಲಿನ ಯಜಮಾನಿ ತೂಕದ ಹೆಂಗಸು, ಮಾತೂ ತೂಕದ್ದೇ. ಗಾಜಿನ ಮೇಜಿನ ಮೇಲೆ ಎರಡೂ ಕೈ ಊರಿ ಹೇಳಿದಳು: 'ನೋಡಿ, ಇನ್ಮೇಲೆ ನನ್ನ ಕಾರಲ್ಲಿ ಆ ಮಾತು ಕೇಳಿಸ್ಬಾರ್ದು. ಕೇಳಿಸಿದ್ರೆ ಕಲಿಸೋದು ಬಿಟ್ಟು ಕಾರು ತೊಳೆಯೋಕೆ ನಿಲ್ಲಿಸ್ತೀನಿ. ತಿಳೀತಾ?'

'ರೈ...' ಎಂದು ಬಾಯಿ ತೆರೆದ ರೈಟಣ್ಣ ಉಳಿದರ್ಧವನ್ನು ನುಂಗಿದ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಟೀಚರಮ್ಮ ಸಮಾಧಾನ ಹೇಳಿದರು. 'ತಪ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಬಲಗಡೆಗೂ ಅದೇ ಪದ, ಸರಿ ಅನ್ನೋಕೂ ಅದೇ, ಹಕ್ಕಿಗೂ ಅದೇ. ನೆಟ್ಟಗಿದ್ರೆ ಅದೇ, ನ್ಯಾಯವಾಗಿದ್ರೆ ಅದೇ, ಈಗಿಂದೀಗ್ಲೇ ಅನ್ನೋಕೂ ಅದನ್ನೇ ಎಳ್ಕೊಂಡು ಬರ್ತಾರೆ. ಇಷ್ಟೊಂದು ಕೆಲಸ ಒಬ್ಬರ ತಲೆ ಮೇಲೆ ಹೇರಿದ್ರೆ ಎಡವಟ್ಟಾಗದೆ ಇರುತ್ತಾ?'

ರೈಟಣ್ಣನಿಗೆ ತನಗಿಂತ ಆ ಪದದ ಮೇಲೆಯೇ ಅಯ್ಯೋ ಅನ್ನಿಸಿತು.

'ಅದೇ ಅರ್ಥದ ಬೇರೆ ಪದ ಬೇಕಾದಷ್ಟಿವೆ. ದಿನಾ ಒಂದೊಂದು ಪ್ರಯತ್ನಿಸಿ' ಎಂದರು ಟೀಚರಮ್ಮ.

ಮೊದಲು 'ಫೈನ್'. ಅಂದು ಕಾರಿನಲ್ಲಿದ್ದವನು ಇರುವೆಗೂ ಹೆದರುವ ಒಬ್ಬ ಗುಮಾಸ್ತ. ಅವನು ಅಂದವಾಗಿ ಗೇರ್ ಬದಲಿಸಿದ್ದನ್ನು ಕಂಡು ರೈಟಣ್ಣ 'ಫೈನ್!' ಎಂದ. ಗುಮಾಸ್ತ ನಡುರಸ್ತೆಯಲ್ಲೇ ಗಕ್ಕನೆ ನಿಲ್ಲಿಸಿ, 'ಎಲ್ಲಿ ಸಾರ್ ಪೊಲೀಸು? ನಾನೇನ್ ಮಾಡ್ದೆ?' ಎಂದು ಬೆವರತೊಡಗಿದ.

ಮರುದಿನ 'ಪರ್ಫೆಕ್ಟ್'. ಜಿಮ್ಮಿನಲ್ಲಿ ಕಸರತ್ತು ಕಲಿಸುವ ಹುಡುಗನೊಬ್ಬ ಆ ಮಾತು ಕೇಳಿ ಎಷ್ಟು ಉಬ್ಬಿಹೋದನೆಂದರೆ ಸ್ಟೀರಿಂಗ್ ಬಿಟ್ಟು ಎರಡೂ ಕೈಯಿಂದ ಕೂದಲು ತೀಡಿಕೊಂಡ.

ಇಂಗ್ಲಿಷಿನ ಸಹವಾಸವೇ ಬೇಡವೆಂದು ರೈಟಣ್ಣ ಕನ್ನಡಕ್ಕೆ ಬಂದ. 'ಸರಿ' ಎಂದ. ಅಂದು ಕಲಿಯಲು ಬಂದಿದ್ದ ಬೇಕರಿಯವನು ಕಾರನ್ನು ತುಸು ಪಕ್ಕಕ್ಕೆ ಸರಿಸಿದ. 'ಸರಿ, ಸರಿ' ಎಂದ. ಇನ್ನಷ್ಟು ಸರಿಸಿದ. 'ಅಯ್ಯೋ ಸರಿ ಕಣಯ್ಯಾ!' ಎಂದು ಕೂಗುವಷ್ಟರಲ್ಲಿ ಎರಡು ಚಕ್ರ ಚರಂಡಿಯಲ್ಲಿದ್ದವು.

'ಸರಿ ಸರಿ ಅಂದ್ರಲ್ಲಾ, ಇನ್ನೆಲ್ಲಿಗೆ ಸರೀಲಿ?' ಎಂದು ಬೇಕರಿಯವನು ಅವನಿಗೇ ಜೋರು ಮಾಡಿದ.

'ಹೌದು' ಎಂಬುದು ಬಾಯಿಗೆ ರೂಢಿಯಿಲ್ಲದೆ 'ಹೌದಾ?' ಎಂದು ಹೊರಬೀಳುತ್ತಿತ್ತು. ಕಲಿಯುವವರು 'ಅದನ್ನ ನೀವಲ್ವಾ ಹೇಳ್ಬೇಕು' ಎನ್ನುತ್ತಿದ್ದರು. ಕೊನೆಗೆ ಬರೀ 'ಹೂಂ' ಎಂದು ನೋಡಿದ. ಹೊಸದಾಗಿ ಮದುವೆಯಾಗಿದ್ದ ಹೆಣ್ಣುಮಗಳೊಬ್ಬಳು ಮೂರನೆಯ ಹೂಂಗೆ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡಳು. 'ನಮ್ಮನೆಯವರೂ ಸಿಟ್ಟು ಬಂದಾಗ ಹೀಗೇ ಹೂಂ ಅಂತಾರೆ. ನನ್ನಿಂದ ಏನ್ ತಪ್ಪಾಯ್ತು ಹೇಳ್ಬಿಡಿ ಅಣ್ಣಾ.'

ಆ ಸಂಜೆ ರೈಟಣ್ಣ ಮನೆಗೆ ಬಂದು ಬಟ್ಟೆಯ ಸುರುಳಿಗೆ ಒರಗಿ ಕುಸಿದ. ಕನ್ನಡ, ಇಂಗ್ಲಿಷು ಎರಡೂ ಸೇರಿ ತನ್ನ ಅನ್ನ ಕಿತ್ತುಕೊಳ್ಳುತ್ತಿವೆ ಎಂದು ಗೋಳಾಡಿದ. ಹೆಂಡತಿ ಮಷೀನು ತುಳಿಯುವುದನ್ನು ನಿಲ್ಲಿಸಲೂ ಇಲ್ಲ.

'ಅವರು ಕೇಳಿದ್ದನ್ನೇ ತಿರುಗಿಸಿ ಹೇಳಿದ್ರೆ ಆಯ್ತಪ್ಪ. ಎಡಕ್ಕಾ ಅಂದ್ರೆ ಎಡಕ್ಕೆ. ಬಲಕ್ಕಾ ಅಂದ್ರೆ ಬಲಕ್ಕೆ. ಇದಕ್ಕೆ ಡಿಕ್ಷನರಿ ಯಾಕೆ?'

ರೈಟಣ್ಣ ಅವಳನ್ನು ಪಿಳಿಪಿಳಿ ನೋಡಿದ. ಇದು ಇಷ್ಟು ದಿನ ತನಗೇಕೆ ಹೊಳೆಯಲಿಲ್ಲವೆಂದು ಹಣೆ ಚಚ್ಚಿಕೊಂಡ. ಮರುದಿನದಿಂದ ಕಾರು ಹೇಳಿದ ಕಡೆಗೆ ತಿರುಗತೊಡಗಿತು. ಟೀಚರಮ್ಮನಿಗೆ ಮಾತ್ರ ತುಸು ಬೇಸರವಾಯಿತು. ಅವರ ಬಳಿ ಇನ್ನೂ ಹತ್ತಾರು ಪದ ಬಾಕಿ ಇದ್ದವು.

ಟೀಚರಮ್ಮನ ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಪಕ್ಕದಲ್ಲಿ ಇನ್‌ಸ್ಪೆಕ್ಟರ್, ಹಿಂದಿನ ಸೀಟಿನಲ್ಲಿ ರೈಟಣ್ಣ. ಹಿಂದಿನವನು ತುಟಿ ಬಿಚ್ಚಕೂಡದು ಎಂಬುದು ನಿಯಮ. ಇನ್‌ಸ್ಪೆಕ್ಟರ್ ಮಾತು ಖರ್ಚು ಮಾಡುವ ಮನುಷ್ಯನಲ್ಲ. ಎಲ್ಲವೂ ಸಲೀಸಾಗಿ ಸಾಗುತ್ತಿತ್ತು. ಮುಂದೆ ಒಂದು ತಿರುವು ಬಂತು.

'ಇಲ್ಲಿ ಎಡಕ್ಕೆ ಹೋಗ್ಬೇಕಾ?' ಎಂದರು ಟೀಚರಮ್ಮ.

'ರೈಟ್' ಎಂದ ಇನ್‌ಸ್ಪೆಕ್ಟರ್.

ಹಿಂದೆ ರೈಟಣ್ಣ ಕಾಲಡಿಯಲ್ಲಿ ಇಲ್ಲದ ಬ್ರೇಕನ್ನು ಒತ್ತಿದ. ಟೀಚರಮ್ಮ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ಆಮೇಲೆ ಪೂರ್ತಿ ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೇಳಿದರು: 'ಯಾವ ರೈಟು?'

'ಯಾವ ರೈಟು ಅಂದ್ರೆ? ಎಷ್ಟಿವೆ?'

ಅದನ್ನು ಅವನು ಕೇಳಬಾರದಿತ್ತು. ನಿವೃತ್ತಿಯಾದಾಗಿನಿಂದ ಟೀಚರಮ್ಮನ ಎದುರು ಒಬ್ಬ ವಿದ್ಯಾರ್ಥಿಯೂ ಕೂತಿರಲಿಲ್ಲ. ಬಲಗಡೆಯಿಂದ ಶುರುಮಾಡಿ, ಸರಿ, ನೇರ, ನ್ಯಾಯ, ಹಕ್ಕುಗಳನ್ನು ಹಾದು, ಬರೆಯುವುದಕ್ಕೂ ಕಿವಿಗೆ ಕೇಳಿಸುವುದು ಅದೇ ಎಂಬಲ್ಲಿಗೆ ಬಂದು ಉಸಿರೆಳೆದುಕೊಂಡರು. ಇನ್‌ಸ್ಪೆಕ್ಟರ್ ಕೈಕಟ್ಟಿ ಕೂತಿದ್ದ. ನಡುವೆ ಒಮ್ಮೆ ಬೆರಳೆತ್ತಿ ಸಂಶಯವನ್ನೂ ಕೇಳಿದ.

'ಈಗ ಹೇಳಿ, ಯಾವ ಕಡೆ?'

'ಎಡಕ್ಕೆ ಅಮ್ಮಾ. ಎಡಕ್ಕೇ. ಈ ಕಡೆ' ಎಂದು ಅವನು ಗಡಿಬಿಡಿಯಲ್ಲಿ ಬಲಗೈ ಎತ್ತಿ ಬಲಕ್ಕೆ ತೋರಿಸಿದ.

ಹಿಂದಿನ ಸೀಟಿನಲ್ಲಿ ರೈಟಣ್ಣ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಆದರೂ ನಗು ಮೂಗಿನಿಂದ ಹೊರಟಿತು. ಇನ್‌ಸ್ಪೆಕ್ಟರ್ ಸರ್ರನೆ ಹಿಂದೆ ತಿರುಗಿ ದುರುಗುಟ್ಟಿದ. ಎಲ್ಲಾ ಮುಗಿಯಿತು ಎಂದು ಟೀಚರಮ್ಮ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಅವನ ದೃಷ್ಟಿ ಇನ್ನೂ ಗಾಳಿಯಲ್ಲೇ ಇದ್ದ ತನ್ನ ಕೈಮೇಲೆ ಬಿತ್ತು. ಅದನ್ನೊಮ್ಮೆ, ಟೀಚರಮ್ಮನನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. 'ಗೊತ್ತಾಗದಿದ್ರೆ ನಿಲ್ಲಿಸಿ ಕೇಳೋರು ಈ ರಸ್ತೇಲಿ ನೀವೊಬ್ರೇ ಅಮ್ಮಾ. ಪಾಸು, ನಡೀರಿ' ಎಂದು ಕಣ್ಣೊರೆಸಿಕೊಂಡ.

ಯಜಮಾನಿಗೆ ಸುದ್ದಿ ತಿಳಿದು ಅವಳೂ ನಕ್ಕಳು. ನಿಷೇಧವನ್ನು ಮಾತ್ರ ತೆಗೆಯಲಿಲ್ಲ. ರೈಟಣ್ಣನಿಗೂ ಈಗ ಆ ಮಾತು ಬೇಕಿರಲಿಲ್ಲ.

ಮುಂದಿನ ಭಾನುವಾರ ಟೀಚರಮ್ಮ ಶೆಡ್ಡಿನ ಕಾರನ್ನು ತೊಳೆಸಿ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ರೈಟಣ್ಣ ದಂಪತಿಯನ್ನೂ ಹತ್ತಿಸಿಕೊಂಡು ಊರಾಚೆಯ ಕೆರೆಯ ದಾರಿ ಹಿಡಿದರು. ಗಂಡ ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿದ್ದರು. ಏರಿಯ ಮೇಲೆ ಬಂದಾಗ, 'ನೀರು ತುಂಬಿದೆಯೇನೇ?' ಎಂದರು.

ಟೀಚರಮ್ಮ ಕಾರನ್ನು ಆಮೆಯ ನಡಿಗೆಗೆ ಇಳಿಸಿ, ನೀರು ಎಲ್ಲಿಯವರೆಗೆ ಬಂದಿದೆ, ದಡದಲ್ಲಿ ಯಾರು ಬಟ್ಟೆ ಒಗೆಯುತ್ತಿದ್ದಾರೆ, ಯಾವ ಹಕ್ಕಿ ಒಂಟಿ ಕಾಲಲ್ಲಿ ನಿಂತಿದೆ ಎಂದು ಒಂದೊಂದಾಗಿ ಹೇಳುತ್ತಾ ಹೋದರು. ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ರೈಟಣ್ಣ ಕಿಟಕಿಯಿಂದ ತಲೆ ಹೊರಹಾಕಿ, 'ಸ್ವಲ್ಪ ತಡ್ಕೊಳ್ರೀ, ಅವರಿನ್ನೂ ನೋಡ್ತಾ ಇದಾರೆ!' ಎಂದು ಕೂಗಿದ.