ಟೈರಾಡಿಗೆ ಹೊಡೆದ ಕಪ್ಪು ಬಣ್ಣ

ಜೋಯಿಡಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ದಾಂಡೇಲಿಯ ಬಂಗೂರನಗರದಲ್ಲಿ. ಹೋಗಿ ಬರಲು ಹಳೆಯದೊಂದು ಸಣ್ಣ ಕಾರು ಇದೆ. ಮಳೆಗಾಲದಲ್ಲಿ ದಾರಿಯ ಕೆಂಪು ಕೆಸರೆಲ್ಲ ಗಾಡಿಯ ಹೊಟ್ಟೆಗೆ ಮೆತ್ತಿಕೊಂಡು ಅಲ್ಲೇ ಒಣಗುತ್ತದೆ. ಮೇಲೆ ಫಳಫಳ ತೊಳೆಯುತ್ತಿದ್ದ ನಾನು ಕೆಳಗೆ ಬಗ್ಗಿ ನೋಡಿದವನಲ್ಲ.

ಎರಡು ವರ್ಷದ ಹಿಂದೆ, ದಸರೆಗೆ ಮುಂಚೆ, ಟೈರು ಬದಲಿಸಲು ದಾಂಡೇಲಿಯ ಗ್ಯಾರೇಜಿಗೆ ಹೋಗಿದ್ದೆ. ಗಾಡಿ ಎತ್ತಿದ ಮೇಸ್ತ್ರಿ ನನ್ನನ್ನು ಕರೆದ.

"ಸರ್, ಸ್ಟೇರಿಂಗ್ ತಿರುವಿದಾಗ ಗಾಲಿ ಎಳಿಯೂದು ಈ ಟೈರಾಡ್ ನೋಡ್ರಿ. ತುದಿಯಾಗ ಒಂದು ಗುಂಡು ಐತಿ. ಅದರ ರಬ್ಬರ್ ಟೊಪ್ಪಿಗಿ ಹರದು ನೀರು ಒಳಗ ಹೋಗೈತಿ. ಗುಂಡು ತುಕ್ಕು ತಿಂದೈತಿ. ಈ ತುದಿ ಬದ್ಲಿ ಮಾಡಾಕ ಬೇಕು. ರಾಡಿಗೆ ಹಿಡಿದಿದ್ದು ಬರೇ ಮ್ಯಾಲಿನ ತುಕ್ಕು, ತಿಕ್ಕಿ ಬಣ್ಣ ಹೊಡದ್ರ ಆತು."

"ಈಗ ಆಗ್ತೈತೇನು?"

"ಇಲ್ರಿ, ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಎರಡು ದಿನ ಗಾಡಿ ಬಿಡ್ರಿ."

ಎರಡು ದಿನ ಬಸ್ಸಿಗೆ ಕಾಯಬೇಕಲ್ಲ ಎಂಬ ಬೇಸರಕ್ಕೆ, ಮುಂದಿನ ವಾರ ಬರುತ್ತೇನೆಂದು ಹೇಳಿ ಬಂದೆ. ಆ ವಾರ ಬರಲೇ ಇಲ್ಲ.

ಆದರೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಒಂದು ಭಾನುವಾರ ಅಂಗಡಿಯಿಂದ ಕಪ್ಪು ಸ್ಪ್ರೇ ಬಣ್ಣದ ಡಬ್ಬಿ ತಂದು, ಗೋಣಿಚೀಲ ಹಾಸಿ ಗಾಡಿಯ ಮುಂದೆ ಮಲಗಿದೆ. ತಂತಿಯ ಬ್ರಶ್ಶಿನಿಂದ ತಿಕ್ಕಲು ಕೈ ಸರಿಯಾಗಿ ಒಳಗೆ ಹೋಗುತ್ತಿರಲಿಲ್ಲ. ತಿಕ್ಕದೆಯೇ ಹೊಡೆದೆ. ರಾಡಿನ ಮೇಲೆ, ನಟ್ಟಿನ ಮೇಲೆ, ಹರಿದ ರಬ್ಬರಿನ ಮೇಲೆ ಕೂಡ. ಹತ್ತು ನಿಮಿಷದಲ್ಲಿ ಎಲ್ಲವೂ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯಿತು. ಪ್ರತಿವರ್ಷ ಮಕ್ಕಳಿಗೆ ಪ್ರನಾಳದಲ್ಲಿ ಮೊಳೆ ಹಾಕಿ, ನೀರು ಗಾಳಿ ಎರಡೂ ಸಿಕ್ಕರೆ ಕಬ್ಬಿಣ ಉಳಿಯುವುದಿಲ್ಲವೆಂದು ತೋರಿಸುವವನು ನಾನು. ತುಕ್ಕಿನ ಮೇಲೆ ಬಣ್ಣ ಹೊಡೆದರೆ ಏನಾಗುತ್ತದೆಂದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ನಮ್ಮ ಶಾಲೆಯ ಕನ್ನಡ ಶಿಕ್ಷಕಿ ಮುಂಡಗೋಡ ತಾಲೂಕಿನ ಇಂದೂರಿನವರು. ಐವತ್ತರ ಹತ್ತಿರ ವಯಸ್ಸು. ಆ ವರ್ಷವಷ್ಟೇ ಹಟ ಹಿಡಿದು ಕಾರು ಕಲಿತಿದ್ದರು. ಶಾಲೆ ಬಿಟ್ಟ ಮೇಲೆ ನನ್ನ ಗಾಡಿಯಲ್ಲೇ ಎಷ್ಟೋ ಸಲ ಅಭ್ಯಾಸ ಮಾಡಿದ್ದರು. ದೀಪಾವಳಿಯ ಮುಂದೆ ಒಂದು ದಿನ ಸಂಕೋಚದಿಂದ ಕೇಳಿದರು.

"ಸರ್, ಒಂದು ದಿನ ಗಾಡಿ ಕೊಡ್ತೀರೇನ್ರಿ? ನಾ ಗಾಡಿ ಹೊಡಿತೇನಿ ಅಂದ್ರ ನಮ್ಮವ್ವ ನಂಬೂದಿಲ್ಲ. ಬಾಜೂಕ ಕೂಡಿಸ್ಕೊಂಡು ಮುಂಡಗೋಡದ ಪ್ಯಾಟಿಗೆ ಕರಕೊಂಡು ಹೋಗಬೇಕಂತ ಆಸೆ."

ಸಂತೋಷದಿಂದ ಕೀಲಿ ಕೊಟ್ಟೆ. ಅವರು ಎಲ್ಲವನ್ನೂ ಎರಡು ಸಲ ನೋಡುವ ಹೆಂಗಸು. ಗಾಲಿಯ ಗಾಳಿ ನೋಡಿದರು, ಆಮೇಲೆ ಸೀರೆಯ ನಿರಿಗೆ ಹಿಡಿದುಕೊಂಡು ಬಗ್ಗಿ ಕೆಳಗೂ ನೋಡಿದರು.

"ಎಲ್ಲಾ ಸರಿ ಐತಲ್ರಿ?"

ಮೇಸ್ತ್ರಿಯ ಮಾತು ನಾಲಿಗೆಯ ತುದಿಗೆ ಬಂತು. ಒಂದು ದಿನದ ಮಾತು, ಏನಾಗುತ್ತದೆ ಎಂದುಕೊಂಡೆ.

"ಹೊಸಾದರಂಗ ಐತಿ, ನೀವ ನೋಡಿದ್ರಲ್ಲ," ಎಂದೆ.

ಮರುದಿನ ಮಧ್ಯಾಹ್ನ ಅವರ ಫೋನು ಬಂತು. "ಸರ್, ನಿಮ್ಮ ಗಾಡಿ ಹಾಳ ಮಾಡಿಬಿಟ್ಟೆನ್ರಿ."

ಹಳಿಯಾಳ, ಕಲಘಟಗಿ ದಾಟಿ ಬಸ್ಸಿನಲ್ಲಿ ಇಂದೂರಿಗೆ ಹೋದೆ. ಊರಿನಿಂದ ದೊಡ್ಡ ರಸ್ತೆಗೆ ತಿರುಗುವಾಗ ಗಾಡಿ ಒಮ್ಮೆಲೇ ಎಡಕ್ಕೆ ಎಳೆದು ಗೋವಿನಜೋಳದ ಹೊಲದ ಪಕ್ಕದ ಚರಂಡಿಗೆ ಇಳಿದಿತ್ತು. ನಿಧಾನ ಹೋಗುತ್ತಿದ್ದುದರಿಂದ ಜೀವ ಉಳಿದಿತ್ತು. ಆದರೆ ಮುಂದೆ ಕೂತಿದ್ದ ಮುದುಕಿಯ ಬಲಗೈ ಮುಂಗೈಯ ಹತ್ತಿರ ಮುರಿದಿತ್ತು. ಮನೆಯ ಕಟ್ಟೆಯ ಮೇಲೆ ಶಿಕ್ಷಕಿಯ ತಮ್ಮ ಗದರುತ್ತಿದ್ದ.

"ಈ ವಯಸ್ಸಿನಾಗ ನಿನಗ ಗಾಡಿ ಯಾಕ ಬೇಕಾಗಿತ್ತಕ್ಕ? ಅವ್ವನ ಕೈ ಮುರದಿ. ಇಷ್ಟಾತಲ್ಲ, ಸಾಕಾತಿಲ್ಲ?"

ಅವರು ತಲೆ ತಗ್ಗಿಸಿ ನನ್ನ ಕಡೆ ನೋಡಿದರು. "ಗಾಬರಿಯಾಗಿ ನಾನ ಎಡಕ್ಕ ತಿರುವಿದೆ ಅನಸ್ತೈತ್ರಿ."

ಗಾಡಿಯನ್ನು ಟ್ರ್ಯಾಕ್ಟರಿನಿಂದ ಎಳೆದು ಮನೆಯ ಮುಂದೆ ತಂದು ನಿಲ್ಲಿಸಿದ್ದರು. ಮುಂಡಗೋಡದಿಂದ ಬಂದ ಮೆಕ್ಯಾನಿಕ್ ಅದನ್ನು ಎತ್ತಿ ನನ್ನೊಬ್ಬನನ್ನೇ ಹತ್ತಿರ ಕರೆದ. ಗುಂಡು ತನ್ನ ಗೂಡಿನಿಂದ ಕಳಚಿ ಬಂದು ಗಾಲಿ ಅಡ್ಡ ತಿರುಗಿತ್ತು. ಗುಂಡಿನ ಮೈಯೆಲ್ಲ ಗೆದ್ದಲು ತಿಂದ ಹಾಗೆ. ಸ್ಕ್ರೂಡ್ರೈವರಿನಿಂದ ರಾಡನ್ನು ಕೆರೆದಾಗ ಕಪ್ಪು ಬಣ್ಣ ಹಪ್ಪಳದಂತೆ ಎದ್ದು, ಕೆಳಗಿನಿಂದ ಕೆಂಪು ಪುಡಿ ಉದುರಿತು.

"ಯಾರೋ ತುಕ್ಕಿನ ಮ್ಯಾಲೆ ಬಣ್ಣ ಹೊಡದಾರ್ರಿ. ಮುಚ್ಚಿದ್ದಕ್ಕ ಯಾರಿಗೂ ಕಂಡಿಲ್ಲ."

"ಹೌದಾ," ಎಂದೆ. ಅಷ್ಟೇ.

ಆಗಲೇ ಕಟ್ಟೆಗೆ ಹೋಗಿ ಹೇಳಬಹುದಿತ್ತು. ಹತ್ತು ಹೆಜ್ಜೆ ಕೂಡ ಇರಲಿಲ್ಲ. ಬದಲಿಗೆ "ಇರ್ಲಿ ಬಿಡ್ರಿ ಟೀಚರ್, ಕಲಿಯೂಮುಂದ ಆಗ್ತಾವು" ಎಂದು ಸಮಾಧಾನ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ನಾನು ದೊಡ್ಡ ಮನಸ್ಸಿನವನೆಂದು ಆ ಮನೆಯವರೆಲ್ಲ ಕೊಂಡಾಡಿದರು.

ಅವರು ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಊರಿಗೆ ಹೋಗಿ ಬಂದಾಗಲೆಲ್ಲ ನನಗೊಂದು ಡಬ್ಬಿ ತರುತ್ತಿದ್ದರು. "ಅವ್ವ ಕಳಿಸ್ಯಾಳ್ರಿ." ಶೇಂಗಾ ಹೋಳಿಗೆ, ಎಳ್ಳಿನ ಉಂಡೆ. ಕೈ ನೆಟ್ಟಗಾಗದ ಮುದುಕಿ ಎಡಗೈಯಲ್ಲಿ ಕಟ್ಟಿದ ಉಂಡೆಗಳು, ಒಂದೂ ದುಂಡಗಿರಲಿಲ್ಲ. ಮನೆಯಲ್ಲಿ ಎಲ್ಲರೂ ತಿಂದರು. ನಾನೂ ತಿಂದೆ.

ಜನವರಿಯಲ್ಲಿ ಶಾಲೆಯ ಪ್ರವಾಸದ ಮಾತು ಬಂದಾಗ ಯಾರೋ, "ಟೀಚರ್ ಗಾಡಿ ಹೊಡಿತಾರ ಬಿಡ್ರಿ, ಚರಂಡಿ ತೋರಿಸ್ಕೋತ ಹೋಗ್ತಾರ" ಎಂದರು. ಎಲ್ಲರೂ ನಕ್ಕರು. ಆಕೆಯೂ ನಕ್ಕರು. ಆ ನಗು ನೋಡಲಾಗಲಿಲ್ಲ. ಸಂಜೆ, ಅವರು ಬಸ್ಸಿಗೆ ಕಾಯುತ್ತಿದ್ದ ಸ್ಟ್ಯಾಂಡಿಗೆ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದೆ.

ಹೆಗಲ ಚೀಲ ಇಳಿಸಿ ಬೆಂಚಿನ ಮೇಲಿಟ್ಟು ಕೇಳಿದರು, "ನಿಮಗ ಯಾವಾಗಿಂದ ಗೊತ್ತಿತ್ರಿ?"

"ಕೀಲಿ ಕೊಡೂಕಿಂತ ಮೊದಲ."

"ನನ್ನ ಮುಂದ ಹೇಳಿದ್ದು ಸಾಕಾಗೂದಿಲ್ಲ ಸರ್. ನಮ್ಮ ತಮ್ಮನ ಮುಂದ ಹೇಳ್ರಿ."

ಮುಂದಿನ ಭಾನುವಾರ ಇಂದೂರಿನ ಅದೇ ಕಟ್ಟೆಯ ಮೇಲೆ ಕೂತು ಹೇಳಿದೆ. ತಮ್ಮ ಎದ್ದು ಒಳಗೆ ಹೋದ. ಮುದುಕಿ ಮಾತ್ರ ಸೊಟ್ಟ ಮುಂಗೈ ನೀವಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಕಬ್ಬಿಣ ತುಕ್ಕು ಹಿಡಿಯೂದು ಇದ್ದದ್ದ ಬಿಡಪಾ. ಮೂರು ತಿಂಗಳು ನನ್ನ ಮಗಳನ್ನ ಬೈಸಿದ್ಯಲ್ಲ, ಅದಕ್ಕ ಏನ ಹೇಳ್ತಿ?"



ಗಾಡಿ ಈಗ ಸರಿಯಾಗಿದೆ. ಮುಂಡಗೋಡದಲ್ಲಿ ಎಡತುದಿ ಮಾತ್ರ ಹೊಸದಾಗಿತ್ತು. ದಾಂಡೇಲಿಯ ಮೇಸ್ತ್ರಿ ಬಲಗಡೆಯದನ್ನೂ ಬದಲಿಸಿ, ಗಾಲಿಗಳು ನೇರ ಇವೆಯೇ ಎಂದು ನೋಡಿ, ರಾಡು ತಿಕ್ಕುವುದನ್ನು ನನ್ನ ಕೈಯಿಂದಲೇ ಮಾಡಿಸಿದ. ತಂತಿಯ ಬ್ರಶ್ಶಿನಿಂದ ಬಿಳಿ ಲೋಹ ಕಾಣುವ ತನಕ ತಿಕ್ಕಬೇಕು, ಥಿನ್ನರಿನಿಂದ ಒರೆಸಬೇಕು. ಸಣ್ಣ ಕುಳಿಗಳಲ್ಲಿ ಉಳಿದ ತುಕ್ಕಿಗೆ ಅದನ್ನು ಕೊಲ್ಲುವ ದ್ರಾವಣ ಹಚ್ಚಿ ಒಣಗಲು ಬಿಟ್ಟು, ಪ್ರೈಮರ್, ಅದರ ಮೇಲೆ ಬಣ್ಣ. ನಟ್ಟು ತಿರುಗುವ ಮರೆಗಳಿಗೆ ಬಣ್ಣ ತಾಕಬಾರದು, ಅಲ್ಲಿ ಗ್ರೀಸು. ರಬ್ಬರಿಗಂತೂ ಏನನ್ನೂ ಹೊಡೆಯಬಾರದು, ಹರಿದರೆ ಕಾಣಬೇಕು. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೆಳಗಿನ ಕೆಸರು ತೊಳೆದು ಒಣಗಿಸಿ, ಟಾರ್ಚು ಹಿಡಿದು ನೋಡುತ್ತೇನೆ. ಒಟ್ಟು ಅರ್ಧ ದಿನದ ಕೆಲಸ.

ಡಬ್ಬಿಗಳು ಬರುವುದು ನಿಂತವು. ಶಿಕ್ಷಕಿ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಾರೆ. ಕಳೆದ ತಿಂಗಳು, ತಮ್ಮನ ಗಾಡಿಯನ್ನು ಇಂದೂರಿನಿಂದ ಹಳಿಯಾಳದ ತನಕ ತಾವೇ ಹೊಡೆದುಕೊಂಡು ಬಂದದ್ದನ್ನು ಅವರು ಹಿಂದಿ ಶಿಕ್ಷಕಿಗೆ ಹೇಳುತ್ತಿದ್ದರು. ಪಕ್ಕದ ಮೇಜಿನಲ್ಲಿದ್ದ ನನಗೂ ಕೇಳಿಸಿತು. ಭೇಷ್ ಅನ್ನಬೇಕೆನಿಸಿತು. ನನಗೆ ಹೇಳಿದ ಮಾತಲ್ಲ ಅದು. ಮುಂದಿನ ಉತ್ತರಪತ್ರಿಕೆ ತೆಗೆದು ತಿದ್ದತೊಡಗಿದೆ.