ಬೆರಳಿಗಷ್ಟೇ ಸಿಗುವ ಗೆರೆ

ಬೆಳಗಿನ ಜಾವ. ಸೇನಾ ಶಿಬಿರದ ಹಿಂಬದಿಯ ತಗಡಿನ ಕೋಣೆಯಲ್ಲಿ ಇಸ್ತ್ರಿ ಅಕ್ಕ ಮೇಜಿನ ಮೇಲೆ ಧ್ವಜ ಹಾಸಿದ್ದಾರೆ. ಎಂಟಕ್ಕೆ ಶವಪೆಟ್ಟಿಗೆ ಬರುತ್ತದೆ. ಅದಕ್ಕೆ ಹೊದಿಸುವ ಧ್ವಜ ಇದೇ. ಒದ್ದೆ ಬೆರಳನ್ನು ಇಸ್ತ್ರಿಪೆಟ್ಟಿಗೆಗೆ ತಾಗಿಸುತ್ತಾರೆ, ಚುಂಯ್ ಎನ್ನುತ್ತದೆ. ನಂಬಿಕೆ ಸಾಲದೆ ಮತ್ತೊಮ್ಮೆ ತಾಗಿಸುತ್ತಾರೆ. ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

"ಈ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯ್ತು. ಇವತ್ತಿಗೂ ಎದೆ ಡವಡವ ಅನ್ನುತ್ತೆ ಕಣಪ್ಪಾ," ಎನ್ನುತ್ತಾರೆ ಅಕ್ಕ.

ತುತ್ತೂರಿ ಊದುವವನ ಎದೆಗೆ ಪದಕವಿದೆ. ಭಾಷಣ ಬಿಗಿಯುವವರಿಗೆ ಮೈಕಿದೆ, ಮುಂದಿನ ಸಾಲಿನ ಕುರ್ಚಿಯಿದೆ. ಅಕ್ಕನಿಗೆ ಒಂದು ಸ್ಟೂಲೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅವರಿರುವುದು 'ಇತರೆ' ಎಂಬ ಪುಟದಲ್ಲಿ. ಒಂದು ಧ್ವಜಕ್ಕೆ ನಲವತ್ತು ನಿಮಿಷ. ಕಳೆದ ತಿಂಗಳು ಒಂಬತ್ತು ಧ್ವಜ.

ಶವಪೆಟ್ಟಿಗೆಯ ಮೇಲಿನ ಧ್ವಜದಲ್ಲಿ ಗೆರೆ ಇರಬಾರದು, ಅದು ನಿಯಮ. ಆದರೆ ಸಮಾಧಿಯ ಬಳಿ ಎಂಟು ಸೈನಿಕರು ಬಿಳಿ ಕೈಗವಸು ತೊಟ್ಟು ಅದನ್ನೆತ್ತಿ, ಹನ್ನೊಂದು ಮಡಿಕೆ ಮಡಚಿ, ಮನೆಯವರ ಕೈಗಿಡಬೇಕು. ಕೈಗವಸು ಜಾರುತ್ತದೆ. ಮೂರು ವರ್ಷದ ಹಿಂದೆ ಹಾಗೇ ಜಾರಿ, ತುದಿ ಜೋತುಬಿದ್ದ ಧ್ವಜ ಒಬ್ಬ ತಂದೆಯ ಕೈಸೇರಿತ್ತು.

"ಪಾಪ, ಮಗನ್ನ ಗುಂಡಿಗೆ ಇಳಿಸ್ತಾ ಇದ್ರೆ ಆ ಮನುಷ್ಯ ತಲೆ ಬಗ್ಗಿಸ್ಕೊಂಡು ಬಟ್ಟೆ ತುರುಕ್ತಾ ನಿಂತಿದ್ರು. ಕಡೇ ಸಲ ನೋಡೋದೂ ತಪ್ಪಿಹೋಯ್ತು."

ಅಂದಿನಿಂದ ಅಕ್ಕ ಯಾರಿಗೂ ಹೇಳದೆ, ಮಡಿಕೆ ಬರುವ ಕಡೆಯಲ್ಲೆಲ್ಲ ಧ್ವಜದ ಅಡಿಯಿಂದ ಹೆಬ್ಬೆರಳುಗುರಿನಲ್ಲಿ ಗೆರೆ ಒತ್ತುತ್ತಾರೆ. ಕಣ್ಣಿಗೆ ಕಾಣದು, ಕೈಗವಸಿನೊಳಗಿನ ಬೆರಳಿಗೂ ಸಿಗುತ್ತದೆ; ಬಟ್ಟೆ ಅದೇ ಗೆರೆಗೆ ಮಡಚಿಕೊಳ್ಳುತ್ತದೆ.

ಇವತ್ತು ಹೊಸ ಕ್ಯಾಪ್ಟನ್ ತಪಾಸಣೆಗೆ ಬಂದಿದ್ದಾರೆ. ಧ್ವಜದ ಮೇಲೆ ಅಂಗೈ ಸವರುತ್ತಾರೆ.

"ಏನಮ್ಮಾ ಇದು, ಗೆರೆ?"

"ಕಣ್ಣಿಗೆ ಕಾಣುತ್ತಾ ಸಾರ್?"

"ಕೈಗೆ ಸಿಗ್ತಿದೆಯಲ್ಲ! ಅಳಿಸಿ."

ಅಕ್ಕ ನೀರು ಚಿಮುಕಿಸಿ ಗೆರೆಯನ್ನೆಲ್ಲ ಅಳಿಸುತ್ತಾರೆ. ಆಮೇಲೆ ಕಪಾಟಿನಿಂದ ಒಂದು ಜೊತೆ ಬಿಳಿ ಕೈಗವಸು ತೆಗೆದು ಅವರ ಮುಂದಿಡುತ್ತಾರೆ.

"ಒಂದ್ಸಲ ಮಡಚಿ ನೋಡಿ ಸಾರ್. ಆ ತುದಿ ನಾನು ಹಿಡ್ಕೋತೀನಿ."

ನಾಲ್ಕನೇ ಮಡಿಕೆಗೆ ಅಂಚು ಜಾರುತ್ತದೆ. ಏಳನೆಯದಕ್ಕೆ ಧ್ವಜದ ತುದಿ ನಾಲಿಗೆ ಚಾಚಿದಂತೆ ಹೊರಗೆ ಬರುತ್ತದೆ. ಕ್ಯಾಪ್ಟನ್ ಗಡಿಯಾರ ನೋಡುತ್ತಾರೆ. ಗಂಟೆ ಏಳೂಕಾಲು.

"ಅಲ್ಲಿ ಎಂಟು ಜನ ಕೈ ಹಾಕ್ತಾರೆ ಸಾರ್. ಅದರಲ್ಲಿ ಐದು ಜನಕ್ಕೆ ಇವತ್ತೇ ಮೊದಲು."

ಕ್ಯಾಪ್ಟನ್ ಕೈಗವಸು ಕಳಚುತ್ತಾರೆ. "ನಂಗೆ ಈ ಇಸ್ತ್ರಿ ಹಬೆ ಆಗಲ್ಲ. ಅರ್ಧ ಗಂಟೆ ಹೊರಗಿರ್ತೀನಿ. ಒಳಗೇನು ನಡೀತು ನಾನು ನೋಡಿಲ್ಲ."

ನಲವತ್ತು ನಿಮಿಷದ ಕೆಲಸ, ಮೂವತ್ತೇ ನಿಮಿಷ. ಅಕ್ಕನ ಉಗುರಿನ ಬುಡ ಕೆಂಪೇರುತ್ತದೆ.

ಅಂತ್ಯಕ್ರಿಯೆಗೆ ಅವರಿಗೆ ಪ್ರವೇಶವಿಲ್ಲ. ಹಿಂದಿನ ಗೋಡೆಯ ಪಕ್ಕ ಬಕೆಟ್ ಬೋರಲು ಹಾಕಿ ಹತ್ತಿ ಇಣುಕುತ್ತಾರೆ. ಮೂರು ಸುತ್ತು ಗುಂಡು ಹಾರುತ್ತದೆ. ತುತ್ತೂರಿ ಮೊಳಗಿ ನಿಲ್ಲುತ್ತದೆ. ಎಂಟು ಜೊತೆ ಕೈಗಳು ಧ್ವಜವನ್ನೆತ್ತುತ್ತವೆ. ಅಕ್ಕ ಮಡಿಕೆ ಎಣಿಸುತ್ತಾರೆ. ನಾಲ್ಕು. ಏಳು. ಹನ್ನೊಂದು.

ಬಕೆಟ್ಟಿನಿಂದ ಇಳಿದು ಅದನ್ನು ನೆಟ್ಟಗೆ ತಿರುಗಿಸಿಡುತ್ತಾರೆ.

"ಆ ತಾಯಿ ಬಟ್ಟೆ ಕಡೆ ನೋಡ್ಲೇ ಇಲ್ಲ," ಎನ್ನುತ್ತಾರೆ. "ಎದೆಗೆ ಅವಚ್ಕೊಂಡ್ರು. ಮಗನ್ನೇ ನೋಡ್ತಾ ಇದ್ರು, ಕೊನೇವರೆಗೂ."